ಐದಡಿ ಜಾಗದಲ್ಲಿ ಪಂಚ್ ಕಲಿಯಬಹುದು, ಆದರೆ ಗೋಡೆ ಬಿಡಿ

ಪ್ರಶ್ನೆ: ನನಗೆ 23 ವರ್ಷ. ಬೆಟಗೇರಿಯಲ್ಲಿ ಬಾಡಿಗೆ ಮನೆ. ಹುಬ್ಬಳ್ಳಿಯಲ್ಲಿ ಕಾಲೇಜು ಓದುವಾಗ ಎರಡು ವರ್ಷ ಕರಾಟೆ ಕಲಿತೆ, ನೀಲಿ ಬೆಲ್ಟ್‌ವರೆಗೆ. ಈಗ ಅಂಗಡಿ ಕೆಲಸ, ಬಿಡುವಾಗುವುದು ರಾತ್ರಿ 9ಕ್ಕೆ. ಕ್ಲಾಸಿಗೆ ಹೋಗಲು ಆಗುತ್ತಿಲ್ಲ. ನಮ್ಮದು ಹಳೇ ಮನೆಯ ಮೇಲಿನ ಒಂದೇ ಕೋಣೆ, 10 ಅಡಿಗೆ 9 ಅಡಿ. ಅವ್ವ, ನಾನು, 12 ವರ್ಷದ ತಮ್ಮ. ಮಂಚ, ಟ್ರಂಕು ಬಿಟ್ಟರೆ ನನಗೆ ಸಿಗುವುದು ಐದಡಿ ಜಾಗ. ಗೋಡೆಗೆ ದಿಂಬು ಕಟ್ಟಿ ದಿನಾ 300 ಪಂಚ್ ಹೊಡೆಯುತ್ತಿದ್ದೆ. ಹತ್ತು ದಿನದಿಂದ ಬಲಗೈ ಕಿರುಬೆರಳಿನ ಕಡೆ ಊದಿದೆ. ಕೊಡ ಎತ್ತಿದರೆ ನೋವು. ಗೆಳೆಯರು "ಮೊದಲ ಹಂಗ ಆಗ್ತೈತಿ, ಎಲುಬು ಗಟ್ಟಿ ಆಗಾಕತ್ತೈತಿ, ಬಿಡಬ್ಯಾಡ" ಅಂತಾರೆ. ಇನ್ನೊಬ್ಬ ಡಂಬೆಲ್ ಹಿಡಿದು ಪಂಚ್ ಮಾಡು ಅಂದ. ತೊಲೆಗೆ ಮರಳಿನ ಚೀಲ ತೂಗುಹಾಕಬೇಕು ಅಂತಿದ್ದೇನೆ. 1,500 ರೂಪಾಯಿ ಇದೆ. ಕೆಳಗಿರುವ ಮಾಲೀಕರು ಸದ್ದಾಗುತ್ತದೆ ಅಂತ ಬೈಯುತ್ತಾರೆ. ನನ್ನನ್ನು ನೋಡಿ ತಮ್ಮನೂ ಗೋಡೆ ಗುದ್ದುತ್ತಾನೆ. ಏನು ಮಾಡಲಿ?

ಉತ್ತರ:

ಮೊದಲು ಆ ಕೈ. ಉಳಿದದ್ದೆಲ್ಲ ಆಮೇಲೆ.

ಹತ್ತು ದಿನವಾದರೂ ಊತ ಇಳಿದಿಲ್ಲ, ಕೊಡ ಎತ್ತಿದರೆ ನೋವು ಅಂತ ಬರೆದಿದ್ದೀರಿ. ಅದು ಎಲುಬು ಗಟ್ಟಿಯಾಗುವ ಲಕ್ಷಣ ಅಲ್ಲ. ನಾನು ವೈದ್ಯನಲ್ಲ, ಕರಾಟೆ ಕಲಿಸುವವನು. ಆದರೆ ಇಷ್ಟು ವರ್ಷದಲ್ಲಿ ಇಂಥ ಕೈಗಳನ್ನು ಎಷ್ಟು ನೋಡಿದ್ದೇನೆ ಅಂದರೆ, ನಾಳೆ ಅಂಗಡಿಗೆ ಒಂದು ತಾಸು ತಡವಾಗಿ ಹೋದರೂ ಸರಿ, ಎಕ್ಸ್‌ರೇ ತೆಗೆಸಿ ಅನ್ನುತ್ತೇನೆ. ಕಿರುಬೆರಳಿನ ಗೆಣ್ಣಿನ ಹಿಂದಿನ ಎಲುಬು ಮುರಿಯುವುದಕ್ಕೆ ಬಾಕ್ಸರ್ ಫ್ರ್ಯಾಕ್ಚರ್ ಅಂತಲೇ ಹೆಸರಿದೆ. ತಮಾಷೆ ಅಂದರೆ, ಪಳಗಿದ ಬಾಕ್ಸರ್‌ಗಳಿಗಿಂತ ಸಿಟ್ಟಿನಲ್ಲಿ ಗೋಡೆ, ಬಾಗಿಲು ಗುದ್ದಿದವರಿಗೇ ಅದು ಜಾಸ್ತಿ.

ಈಗಲೇ ಒಂದು ಪರೀಕ್ಷೆ ಮಾಡಿ. ಎರಡೂ ಕೈ ಮುಂದೆ ಚಾಚಿ, ನಿಧಾನವಾಗಿ ಬೆರಳು ಮಡಚಿ. ಬೆರಳಿನ ತುದಿಗಳೆಲ್ಲ ಹೆಬ್ಬೆರಳಿನ ಬುಡದ ಕಡೆ ಮುಖ ಮಾಡಬೇಕು. ಬಲಗೈ ಕಿರುಬೆರಳು ಉಂಗುರದ ಬೆರಳಿನ ಮೇಲೆ ಅಡ್ಡ ಹತ್ತಿದರೆ ಎಲುಬು ತಿರುಚಿಕೊಂಡಿದೆ ಅಂತ ಅರ್ಥ, ಅವತ್ತೇ ಮೂಳೆ ವೈದ್ಯರ ಹತ್ತಿರ ಹೋಗಿ. ಮುಷ್ಟಿ ಕಟ್ಟಿದಾಗ ನಾಲ್ಕನೇ ಗೆಣ್ಣು, ಅಂದರೆ ಕಿರುಬೆರಳಿನದು, ಒಳಗೆ ಕುಸಿದಂತೆ ಕಂಡರೂ ಹಾಗೇ. ಇನ್ನೊಂದು ಜಾಗ ಒತ್ತಿ ನೋಡಿ: ಹೆಬ್ಬೆರಳು ಎತ್ತಿದಾಗ ಅದರ ಬುಡದಲ್ಲಿ, ಮಣಿಕಟ್ಟಿನ ಹತ್ತಿರ, ಒಂದು ಸಣ್ಣ ಗುಳಿ ಬೀಳುತ್ತದಲ್ಲ, ಅಲ್ಲಿ ನೋವಿದ್ದರೆ ವೈದ್ಯರಿಗೆ ಮರೆಯದೆ ಹೇಳಿ. ಆ ಗುಳಿಯ ಕೆಳಗಿನ ಪುಟ್ಟ ಎಲುಬು ಬಿರುಕು ಬಿಟ್ಟರೆ ಮೊದಲ ಎಕ್ಸ್‌ರೇಯಲ್ಲಿ ಕಾಣದೆಯೂ ಇರಬಹುದು. ಹತ್ತು-ಹದಿನಾಲ್ಕು ದಿನ ಬಿಟ್ಟು ಮತ್ತೊಮ್ಮೆ ತೆಗೆಸಬೇಕಾಗುತ್ತದೆ. ಅಲ್ಲಿಯವರೆಗೆ ಎಣ್ಣೆ ಹಚ್ಚಿ ತಿಕ್ಕಿಸುವುದು, ಬೆರಳು ಎಳೆಸುವುದು ಬೇಡ.

ನನ್ನ ಬಲಗೈಯಲ್ಲೂ ನಾಲ್ಕನೇ ಗೆಣ್ಣು ಇಲ್ಲ. ಮುಷ್ಟಿ ಕಟ್ಟಿದರೆ ಮೂರು ಗುಡ್ಡ, ಒಂದು ಬಯಲು. 17ನೇ ವಯಸ್ಸಿನಲ್ಲಿ ಹಳೇ ಹುಬ್ಬಳ್ಳಿಯ ನಮ್ಮ ಹಿತ್ತಲ ಗೋಡೆಗೆ ಗೋಣಿ ತಟ್ಟು ಕಟ್ಟಿ ಗುದ್ದುತ್ತಿದ್ದೆ. ಆಗ ನನಗೆ ಕಲಿಸುತ್ತಿದ್ದವರು "ನೋವು ನುಂಗಬೇಕು" ಅಂದರು. ನುಂಗಿದೆ. ಎರಡು ತಿಂಗಳು ಬಿಟ್ಟು ತೋರಿಸಿದಾಗ ಎಲುಬು ಸೊಟ್ಟಗೇ ಕೂಡಿಕೊಂಡಿತ್ತು. ಇವತ್ತಿಗೂ ಚಳಿಗಾಲದ ಬೆಳಗ್ಗೆ ಸ್ಕೂಟರ್ ಹ್ಯಾಂಡಲ್ ಹಿಡಿದರೆ ಅದು ನೆನಪು ಮಾಡಿಕೊಡುತ್ತದೆ.

ಕಿರುಬೆರಳೇ ಯಾಕೆ? ಎಡಗೈಯಿಂದ ಬಲಗೈ ತೋರುಬೆರಳಿನ ಗೆಣ್ಣು ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಅಲ್ಲಾಡುವುದೇ ಇಲ್ಲ. ಮಧ್ಯದ ಬೆರಳಿನದೂ ಅಷ್ಟೇ. ಈಗ ಕಿರುಬೆರಳಿನದು ನೋಡಿ (ಊದಿರದ ಕೈಯಲ್ಲಿ ನೋಡಿ ಮತ್ತೆ). ಸಡಿಲ ಗೂಟದ ಹಾಗೆ ಆಡುತ್ತದೆ. ಮೊದಲೆರಡು ಎಲುಬುಗಳು ಮಣಿಕಟ್ಟಿಗೆ ಬಿಗಿಯಾಗಿ ಕೂತಿವೆ, ಏಟಿನ ಭಾರ ನೇರವಾಗಿ ಮುಂಗೈಗೆ ದಾಟುತ್ತದೆ. ಕೊನೆಯವೆರಡು ಏನಾದರೂ ಹಿಡಿಯುವಾಗ ಬಗ್ಗಲಿ ಅಂತ ಸಡಿಲವಾಗಿವೆ. ಅದಕ್ಕೇ ಕರಾಟೆಯಲ್ಲಿ ಸೇಕೆನ್ ಅಂತ ಮೊದಲ ಎರಡು ಗೆಣ್ಣಿನಿಂದಲೇ ಹೊಡೆಯಲು ಹೇಳುವುದು. ನೀವೂ ಕಲಿತಿದ್ದೀರಿ. ಆದರೆ 300 ಎಣಿಸುವಾಗ 80 ದಾಟಿದ ಮೇಲೆ ಮಣಿಕಟ್ಟು ಸೋತು ಬಾಗುತ್ತದೆ, ಏಟು ಕಿರುಬೆರಳಿನ ಕಡೆ ಜಾರುತ್ತದೆ. ಆಮೇಲಿನ 220 ಪಂಚ್ ತಪ್ಪನ್ನೇ ಗಟ್ಟಿ ಮಾಡುತ್ತವೆ.

ನಿಮ್ಮ ಗೆಳೆಯರ ಮಾತಿನಲ್ಲಿ ಒಂದು ತುಣುಕು ನಿಜ ಇದೆ, ಅದೇ ಅಪಾಯ. ಎಲುಬು ಭಾರಕ್ಕೆ ಒಗ್ಗಿಕೊಂಡು ಬಲವಾಗುತ್ತದೆ. ಜರ್ಮನಿಯ ಶಸ್ತ್ರವೈದ್ಯ ಯೂಲಿಯುಸ್ ವೋಲ್ಫ್ 1892ರಲ್ಲೇ ಇದರ ಬಗ್ಗೆ ಬರೆದಿದ್ದಾರೆ. ಆದರೆ ಆ ಕೆಲಸ ತಿಂಗಳುಗಟ್ಟಲೆ ನಡೆಯುವಂಥದ್ದು, ನಡುವೆ ಬಿಡುವು ಬೇಕು. ಚರ್ಮ ಮಾತ್ರ ಬೇಗ ದಪ್ಪಗಾಗಿ ಜಡ್ಡುಗಟ್ಟುತ್ತದೆ, ನೋವು ಕಡಿಮೆ ಗೊತ್ತಾಗುತ್ತದೆ. ನೋವು ಹೋಯಿತು ಅಂದರೆ ಎಲುಬು ಬಲಿಯಿತು ಅಂತ ಹುಡುಗರು ತಿಳಿಯುತ್ತಾರೆ. ಕೀಲಿನೊಳಗೆ ಎಲುಬಿನ ತುದಿ ಮುಚ್ಚುವ ಮೆತ್ತನೆ ಪದರಕ್ಕೆ, ಅಂದರೆ ಮೃದ್ವಸ್ಥಿಗೆ, ಅಂತೂ ರಕ್ತದ ಓಡಾಟವೇ ಇಲ್ಲ. ಸವೆದರೆ ಸವೆಯಿತು.

ಕರಾಟೆ ಹುಟ್ಟಿದ ಜಪಾನಿನ ಓಕಿನಾವಾದವರು ಮಾಕಿವಾರಾ ಗುದ್ದುತ್ತಾರಲ್ಲ ಅಂತ ಕೇಳಬಹುದು. ಗುದ್ದುತ್ತಾರೆ. ಮಾಕಿ ಅಂದರೆ ಸುತ್ತಿದ್ದು, ವಾರಾ ಅಂದರೆ ಹುಲ್ಲು. ನೆಲದಲ್ಲಿ ಹೂತ ಹಲಗೆ, ಬುಡದಲ್ಲಿ ದಪ್ಪ, ಮೇಲೆ ಹೋಗುತ್ತ ತೆಳು, ತುದಿಗೆ ಹುಲ್ಲಿನ ಹಗ್ಗ. ಗುದ್ದಿದರೆ ಅದು ಹಿಂದಕ್ಕೆ ಬಾಗುತ್ತದೆ. ಬಾಗುವುದೇ ಅದರ ಗುಟ್ಟು. ಗೋಡೆ ಬಾಗುವುದಿಲ್ಲ, ಹಾಗಾಗಿ ಬಾಗುವ ಕೆಲಸ ನಿಮ್ಮ ಕೈಗೆ ಬೀಳುತ್ತದೆ. ಅಷ್ಟು ದೂರ ಯಾಕೆ, ನಮ್ಮ ಗರಡಿಮನೆ ನೋಡಿ. ಪೈಲ್ವಾನರು ಕುಸ್ತಿ ಕಣದ ಮಣ್ಣಿಗೆ ಎಣ್ಣೆ, ಮಜ್ಜಿಗೆ, ಅರಿಶಿನ ಹಾಕಿ ಹದ ಮಾಡುತ್ತಾರೆ. ಮೈ ಗಟ್ಟಿಯಾಗಲಿ ಅಂತ ಫರಸಿ ಕಲ್ಲಿನ ಮೇಲೆ ಕುಸ್ತಿ ಆಡಿದವರನ್ನು ನಾನಂತೂ ನೋಡಿಲ್ಲ.

(ಹಿತ್ತಲಿದ್ದು ಮಾಕಿವಾರಾ ನೆಡಲು ಹೊರಟವರಿಗೆ ಒಂದು ಮಾತು. ಗದಗ, ನವಲಗುಂದ ಕಡೆಯ ಎರೆ ಭೂಮಿ ಮಳೆಗೆ ಉಬ್ಬಿ ಬೇಸಿಗೆಗೆ ಬಿರಿಯುತ್ತದೆ. ನೇರ ಎರೆಯಲ್ಲಿ ಹೂತರೆ ಏಪ್ರಿಲ್‌ ಹೊತ್ತಿಗೆ ಹಲಗೆ ಬೀಳುವ ಹಲ್ಲಿನ ಹಾಗೆ ಆಡುತ್ತದೆ. ಗುಂಡಿ ದೊಡ್ಡದಾಗಿ ತೋಡಿ, ಗರಸು ತುಂಬಿ, ದಮ್ಮಸು ಮಾಡಿ.)

ತೊಲೆಗೆ ಚೀಲ? ಬೇಡವೇ ಬೇಡ. ಲೆಕ್ಕ ಹಾಕೋಣ. ಒಂದಡಿ ಅಗಲ, ಮೂರಡಿ ಉದ್ದದ ಚೀಲದಲ್ಲಿ ಸುಮಾರು 65 ಲೀಟರ್ ಜಾಗ ಇರುತ್ತದೆ. ಒಣ ಮರಳು ತುಂಬಿದರೆ 100 ಕಿಲೋ ಸಮೀಪಕ್ಕೆ ಹೋಗುತ್ತದೆ. ನೀವೇ ಎತ್ತಲಾರಿರಿ. ಬ್ಯಾಗು ನಿಮ್ಮ ತೂಕದ ಅರ್ಧದಷ್ಟಿದ್ದರೆ ಸಾಕು ಅನ್ನುವುದು ರೂಢಿ. ಅಲ್ಲದೆ ಮರಳು ದಿನದಿನಕ್ಕೆ ಕೆಳಗೆ ಕುಳಿತು ಕಲ್ಲಾಗುತ್ತದೆ. ಸರಿ, 30 ಕಿಲೋದ್ದೇ ಹಾಕುತ್ತೇನೆ ಅಂದರೂ ತೂಗಾಡುವ 30 ಕಿಲೋ ಬೇರೆ, ಸುಮ್ನೆ ನೇತಾಡುವ 30 ಕಿಲೋ ಬೇರೆ. ಪ್ರತಿ ಏಟಿಗೂ ಜಗ್ಗು. ಹಳೇ ಮಾಳಿಗೆಯ ತೊಲೆ ಮೇಲಿನ ಮಣ್ಣಿನ ಭಾರವನ್ನು ಹೊತ್ತುಕೊಂಡು ಸುಮ್ಮನೆ ನಿಂತಿರುತ್ತದೆ. ಅದನ್ನು ಪಕ್ಕಕ್ಕೆ ಎಳೆದರೆ ಜಂತಿ ಸಂದಿಯಿಂದ ಮಣ್ಣು ಉದುರಲು ಶುರುವಾಗುತ್ತದೆ. ಗೆದ್ದಲು ಒಳಗೊಳಗೇ ತಿಂದಿದ್ದರೆ ಹೊರಗಿನಿಂದ ಗೊತ್ತೇ ಆಗುವುದಿಲ್ಲ. ಕೆಳಗೆ ಮಲಗುವವರು ನಿಮ್ಮ ಅವ್ವ. ಸ್ಲ್ಯಾಬ್ ಮನೆಯವರು ಹಾಕಿಸಬಹುದು, ಆದರೆ ಫ್ಯಾನಿನ ಕೊಕ್ಕೆಗಲ್ಲ. ಗೊತ್ತಿರುವ ಮೇಸ್ತ್ರಿಯಿಂದ ಬೀಮಿಗೆ ಆ್ಯಂಕರ್ ಹೊಡೆಸಿ. ಸುತ್ತ ಮೂರಡಿಯಾದರೂ ಖಾಲಿ ಬೇಕು. ನಿಮ್ಮ ಕೋಣೆಯಲ್ಲಿ ಅದೂ ಇಲ್ಲ.

ಡಂಬೆಲ್ ವಿಷಯ ಎರಡೇ ಮಾತು. ಡಂಬೆಲ್ಲಿನ ಭಾರ ಕೆಳಗೆ ಎಳೆಯುತ್ತದೆ, ಪಂಚ್ ಮುಂದೆ ಹೋಗುತ್ತದೆ. ಹೀಗಾಗಿ ಹೆಗಲು ಸೋಲುತ್ತದೆ, ಮೊಣಕೈ ಕೊನೆಯಲ್ಲಿ ಜಗ್ಗುತ್ತದೆ, ಪಂಚ್ ಮಾತ್ರ ಬಲವಾಗುವುದಿಲ್ಲ. ಬಲ ಬೇಕಾದರೆ ದಂಡ ಹೊಡೆಯಿರಿ, ಬೈಠಕ್ ಹಾಕಿ.

ಈಗ ನಿಮ್ಮ ಐದಡಿ ಜಾಗಕ್ಕೆ ಬರೋಣ. ಜಗತ್ತಿನಲ್ಲೇ ಉದ್ದದ ರೈಲ್ವೆ ಪ್ಲಾಟ್‌ಫಾರ್ಮ್, 1,507 ಮೀಟರ್, ಹುಬ್ಬಳ್ಳಿಯಲ್ಲಿದೆ, ಆದರೆ ನಮ್ಮ ಹುಡುಗರಿಗೆ ಕೈ ಚಾಚಲು ಜಾಗ ಇಲ್ಲ ಅಂತ ನಾನು ಕ್ಲಾಸಿನಲ್ಲಿ ನಗಾಡುತ್ತಿರುತ್ತೇನೆ. ನಿಜ ಹೇಳಬೇಕೆಂದರೆ ಪಂಚಿಗೆ ಜಾಗ ಬೇಕಿಲ್ಲ. ನಿಲುವು ಎರಡಡಿ, ಚಾಚಿದ ಕೈ ಎರಡಡಿ. 1964ರಲ್ಲಿ ಅಮೆರಿಕದ ಲಾಂಗ್ ಬೀಚ್‌ನಲ್ಲಿ ಬ್ರೂಸ್ ಲೀ ಒಂದು ಇಂಚು ದೂರದಿಂದ ಗುದ್ದಿ ಎದುರಿನವರನ್ನು ಹಿಂದಕ್ಕೆ ತಳ್ಳಿ ತೋರಿಸಿದರು. ಅದರಲ್ಲಿ ಮಾಯೆ ಇಲ್ಲ. ಹಿಮ್ಮಡಿ ನೆಲ ಒತ್ತುತ್ತದೆ, ಸೊಂಟ ತಿರುಗುತ್ತದೆ, ಹೆಗಲು ಹಿಂಬಾಲಿಸುತ್ತದೆ, ಕೈ ಕೊನೆಗೆ ಬರುತ್ತದೆ. ಕೈಯಿಂದಲೇ ಶುರುಮಾಡುವವರಿಗೆ ಮೈದಾನ ಕೊಟ್ಟರೂ ಸಾಲದು.

ಬಲಗೈ ವಾಸಿಯಾಗುವವರೆಗೆ ಅದನ್ನು ಎದೆಗೆ ಒತ್ತಿಟ್ಟುಕೊಂಡು ಸೊಂಟದ ಕೆಲಸ ಮಾಡಿ. ಗಾಳಿಯಲ್ಲಿ ಎಡಗೈ ಪಂಚ್, ತೀರಾ ನಿಧಾನ, ಒಂದಕ್ಕೆ ಐದು ಸೆಕೆಂಡ್. ಮುಷ್ಟಿ ಕೊನೆಯಲ್ಲಿ ಮಾತ್ರ ಬಿಗಿ. ಇಲ್ಲಿ ಒಂದು ಎಚ್ಚರಿಕೆ ಇದೆ, ಜನ ಹೇಳುವುದು ಕಡಿಮೆ. ಗಾಳಿಗೆ ಗುದ್ದುವುದು ನಿರಪಾಯ ಅಲ್ಲ. ಎದುರಿಗೆ ಏನೂ ತಾಗದಿದ್ದರೆ ಆ ವೇಗವೆಲ್ಲ ಮೊಣಕೈಗೆ ಬಂದು ನಿಲ್ಲುತ್ತದೆ. ಕೈ ಪೂರ್ತಿ ನೆಟ್ಟಗಾಗಿ ಟಪ್ ಅಂತ ಸದ್ದು ಬಂದರೆ ತಪ್ಪು. ಇನ್ನೊಂದು ಅರ್ಧ ಇಂಚು ಚಾಚಬಹುದಿತ್ತು ಅನ್ನಿಸುವಲ್ಲಿ ನಿಲ್ಲಿಸಿ.

ಆಮೇಲೆ ಹಳೇ ದಿನಪತ್ರಿಕೆ. ಒಂದು ಹಾಳೆಯನ್ನು ಬಟ್ಟೆ ಕ್ಲಿಪ್ಪಿನಿಂದ ದಾರಕ್ಕೆ ಸಿಕ್ಕಿಸಿ, ಎದೆ ಮಟ್ಟಕ್ಕೆ ತೂಗುಹಾಕಿ. ಇಷ್ಟು ಭಾರ ನಿಮ್ಮ ತೊಲೆ ತಡೆಯುತ್ತದೆ. ಗುದ್ದಿ. ಹಾಳೆ ಸುಮ್ನೆ ಹಿಂದಕ್ಕೆ ಹಾರಿ ಮುಖಕ್ಕೆ ಬಂದರೆ ನೀವು ತಳ್ಳಿದ್ದೀರಿ. ಛಟ್ ಅಂತ ಸಿಡಿದು, ನಡುವೆ ಹರಿದರೆ ಹೊಡೆದಿದ್ದೀರಿ. ಮೊದಲ ವಾರ ಬರೀ ತಳ್ಳುತ್ತೀರಿ, ಬೇಜಾರಾಗಬೇಡಿ. ಎರಡು ವರ್ಷ ಕಲಿತವರಲ್ಲೂ ಹೆಚ್ಚಿನವರು ತಳ್ಳುವವರೇ. ಸೊಂಟ ಮುಂಚೆ ತಿರುಗಿ ಕೈ ಕೊನೆಗೆ ಬಂದ ದಿನ ಆ ಸದ್ದು ತಾನಾಗಿ ಬರುತ್ತದೆ, ಬಲ ಹಾಕಿದ್ದಕ್ಕಲ್ಲ. ಕೈಯನ್ನು ಹೋದಷ್ಟೇ ವೇಗದಲ್ಲಿ ಹಿಂದಕ್ಕೆ ತರುವುದನ್ನು ಮರೆಯಬೇಡಿ. ಪಂಚಿನ ಗಾಳಿಯಿಂದ ಮೇಣದಬತ್ತಿ ಆರಿಸುವ ಹಳೇ ಅಭ್ಯಾಸವೂ ಇದೆ. ಒಂದೇ ಕೋಣೆ, ಹಾಸಿಗೆ, ಗ್ಯಾಸ್ ಎಲ್ಲ ಅಲ್ಲೇ. ಬಿಟ್ಟುಬಿಡಿ.

ಗುರಿಗೆ ಟೆನಿಸ್ ಚೆಂಡು. 58 ಗ್ರಾಂ ಆಸುಪಾಸು ತೂಕ. ದಾರ ಪೋಣಿಸಿ ಗದ್ದದ ಮಟ್ಟಕ್ಕೆ ತೂಗಿ, ಕೆಳಗಿನಿಂದ ಸೈಕಲ್ ಟ್ಯೂಬಿನ ಪಟ್ಟಿ ಕಟ್ಟಿ ಟ್ರಂಕಿನ ಹಿಡಿಗೆ ಬಿಗಿದರೆ ಚೆಂಡು ಬೇಗ ಹಿಂದೆ ಬರುತ್ತದೆ. ಬೆರಳಿನಷ್ಟು ಆಚೀಚೆ ಆದರೂ ತಪ್ಪಿಸಿಕೊಳ್ಳುತ್ತದೆ. ಅದು ಹೋಗುವ ದಾರಿಯಲ್ಲಿ ತಲೆ ಇಡಬೇಡಿ, ಕಣ್ಣಿಗೆ ಬಡಿದರೆ ಕಷ್ಟ.

ಕಡೆಗೆ, ಕೈ ಪೂರ್ತಿ ವಾಸಿಯಾಗಿ, ವೈದ್ಯರೂ ಸರಿ ಅಂದ ಮೇಲೆ, ಗುದ್ದಲು ಒಂದು ವಸ್ತು. ಇದಕ್ಕೆ 1,500 ರೂಪಾಯಿಯೂ ಬೇಕಿಲ್ಲ. ಪಂಕ್ಚರ್ ಅಂಗಡಿಯಿಂದ ಸವೆದ ಸ್ಕೂಟರ್ ಟೈರು ತನ್ನಿ. ಮನೆಯಲ್ಲಿ ಹರಿದ ಕೌದಿ ಇದ್ದೇ ಇರುತ್ತದೆ. ಮಾಲೀಕರನ್ನು ಕೇಳಿ, ಗೋಡೆಯಲ್ಲಿ ಭದ್ರವಾದ ದೊಡ್ಡ ಮೊಳೆಗೆ ಟೈರನ್ನು ಚಪ್ಪಟೆಯಾಗಿ ತೂಗುಹಾಕಿ. ಅದರ ಬಾಯಿ ಮುಚ್ಚುವಂತೆ ಒಂದಡಿ ಚೌಕದ ಚೀಲ, ಒಂದು ಗೇಣು ದಪ್ಪ, ಬಿಗಿಯಾಗಿ ಕಟ್ಟಿ. ಚೀಲದೊಳಗೆ ತುಂಬಲು ನೇಕಾರರ ಬೆಟಗೇರಿಯಲ್ಲಿ ಹುಡುಕಬೇಕೇ? ಮಗ್ಗದ ಕೆಳಗೆ ಬಿದ್ದ ನೂಲಿನ ಚೂರು, ಟೇಲರ್ ಅಂಗಡಿಯ ತುಂಡು ಬಟ್ಟೆ. ಕೈಯಿಂದ ಒತ್ತಿ ಒತ್ತಿ ತುಂಬಿ, ಗುಂಡಿ, ಜಿಪ್, ಪಿನ್ನು ಇದ್ದರೆ ತೆಗೆಯಿರಿ. ಮೇಲೆ ಕೌದಿ ನಾಲ್ಕು ಮಡಿಕೆ. ಕೌದಿಯ ಹೊಲಿಗೆ ಸಾಲು ಅಡ್ಡ ಬರುವ ಹಾಗೆ ಮಡಚಿ, ಉದ್ದ ಬಂದರೆ ಗೆಣ್ಣಿನ ಚರ್ಮ ಕೀಳುತ್ತದೆ. ಹೆಬ್ಬೆರಳಿನಿಂದ ಒತ್ತಿದರೆ ಎರಡು ಇಂಚು ಒಳಗೆ ಹೋಗಬೇಕು, ಬಿಟ್ಟರೆ ಮೇಲೆ ಬರಬೇಕು. ತಿಂಗಳಿಗೊಮ್ಮೆ ಬಿಚ್ಚಿ, ಹಿಂಜಿ, ಮತ್ತೆ ತುಂಬಿ.

ಚೀಲಕ್ಕೆ ಯಾವ ಗೋಣಿ ಅನ್ನುವುದೂ ಮುಖ್ಯ. ಬ್ಯಾಡಗಿ ಕಡೆಯ ನನ್ನ ಒಬ್ಬ ಹುಡುಗ ಮನೆಯಲ್ಲಿದ್ದ ಖಾಲಿ ಮೆಣಸಿನಕಾಯಿ ಚೀಲಕ್ಕೆ ಬಟ್ಟೆ ತುಂಬಿ ಪಂಚಿಂಗ್ ಬ್ಯಾಗ್ ಮಾಡಿದ್ದ. ಮೊದಲ ಪಂಚಿಗೆ ಕೆಂಪು ಧೂಳು ಎದ್ದು ಇಡೀ ಮನೆ ಸೀನಿತು. ಅವನ ಅಜ್ಜಿ ಆ ಚೀಲವನ್ನು ಅವತ್ತೇ ತಿಪ್ಪೆಗೆ ಎಸೆದರು.

ಕೈಗೆ ಪಟ್ಟಿ ಸುತ್ತದೆ ಗುದ್ದಬೇಡಿ. ಅಂಗಡಿಯ ಪಟ್ಟಿ ನಾಲ್ಕೂವರೆ ಮೀಟರ್ ಉದ್ದ, ಎರಡು ಇಂಚು ಅಗಲ ಇರುತ್ತದೆ. ಅವ್ವನ ಹಳೇ ಹತ್ತಿ ಸೀರೆಯನ್ನು ಉದ್ದಕ್ಕೆ ಹರಿದರೆ ಅದೇ ಅಳತೆ ಸಿಗುತ್ತದೆ, ಅವ್ವನನ್ನು ಕೇಳಿ ಹರಿಯಿರಿ. ಮಣಿಕಟ್ಟಿಗೆ ಮೂರು ಸುತ್ತು, ಗೆಣ್ಣಿನ ಮೇಲೆ ಮೂರು ಸುತ್ತು, ಬೆರಳ ಸಂದಿಗಳಲ್ಲಿ ಒಂದೊಂದು ಸಲ, ಉಳಿದದ್ದು ಮತ್ತೆ ಮಣಿಕಟ್ಟಿಗೆ. ಬೆರಳ ತುದಿ ನೀಲಿಯಾದರೆ ಬಿಗಿ ಜಾಸ್ತಿ. ಪಟ್ಟಿ ಕಟ್ಟಿದ್ದೇನೆ ಅನ್ನುವ ಧೈರ್ಯದಲ್ಲಿ ಎರಡರಷ್ಟು ಜೋರಾಗಿ ಹೊಡೆಯುವವರೇ ಹೆಚ್ಚು, ಅದು ನೆನಪಿರಲಿ. ಅರ್ಧ ಬಲ ಸಾಕು. ಕೈಗೆ 30ರಂತೆ, ದಿನ ಬಿಟ್ಟು ದಿನ. ಮಣಿಕಟ್ಟು ಒಂದು ಸಲ ಬಾಗಿತು ಅಂದರೆ ಅವತ್ತಿನದು ಮುಗಿಯಿತು, ಎಣಿಕೆ ಎಷ್ಟೇ ಇರಲಿ. ಕೈಯಲ್ಲಿ ಹಣ ಇದ್ದರೆ ಒಂದು ಜೊತೆ ಗ್ಲೌಸ್ ತಗೊಳ್ಳಿ, ಬೇರೆ ಏನೂ ಬೇಡ.

ಮಾಲೀಕರ ಬೈಗುಳಕ್ಕೆ ಮುಷ್ಟಿಗಿಂತ ಕಾಲೇ ಕಾರಣ ಇರಬೇಕು. ಪಂಚಿನ ಜೊತೆ ಮುಂದಿನ ಕಾಲನ್ನು ಧಪ್ ಅಂತ ಇಡುತ್ತೀರಾ? ಮೇಲಿನ ಕೋಣೆಯಲ್ಲಿ ಅದು ಕೆಳಗಿನವರ ತಲೆಯ ಮೇಲೆಯೇ ಬೀಳುತ್ತದೆ. ಕಾಲು ಎತ್ತದೆ, ಪಾದವನ್ನು ಬೆಕ್ಕಿನ ಹಾಗೆ ಜಾರಿಸಿ ಇಡುವುದು ಕಲಿಯಿರಿ, ಪಂಚಿಗೂ ಅದೇ ಒಳ್ಳೆಯದು. ಕೂಗು ಬೇಡ, ಉಸಿರನ್ನು ಹಲ್ಲಿನ ಸಂದಿಯಿಂದ ಬಿಡಿ. ಜಮಖಾನೆ ಹಾಸಬೇಡಿ. ನವಲಗುಂದದ್ದೇ ಇರಲಿ, ಫರಸಿಯ ಮೇಲೆ ಹಿಮ್ಮಡಿ ತಿರುಗಿಸಿದರೆ ಜಾರುತ್ತದೆ. ರಬ್ಬರ್ ಮ್ಯಾಟು ಎರಡು ತುಂಡು ಸಾಕು. ಮತ್ತೆ, ರಾತ್ರಿ 9ರ ಮೇಲೆ ಗೋಡೆಯ ಚೀಲ ಮುಟ್ಟಬೇಡಿ. ರಾತ್ರಿ ಕಾಗದ ಮತ್ತು ಚೆಂಡು, ಬೆಳಗ್ಗೆ ಅಂಗಡಿಗೆ ಹೋಗುವ ಮುಂಚೆ ಚೀಲ. ಹೀಗೆ ಮಾಡುತ್ತೇನೆ ಅಂತ ಮಾಲೀಕರಿಗೆ ಮುಂಚೆಯೇ ಹೇಳಿ ನೋಡಿ, ಅರ್ಧ ಜಗಳ ಅಲ್ಲೇ ಕಡಿಮೆಯಾಗುತ್ತದೆ.

ಕೋಣೆಯಲ್ಲಿ ಸಿಗದ್ದು ಒಂದೇ, ಎದುರಾಳಿ. ದೂರ ಅಳೆಯುವುದು, ಏಟು ಬರುವಾಗ ಕಣ್ಣು ಮುಚ್ಚದೆ ನಿಲ್ಲುವುದು, ಇದಕ್ಕೆ ಇನ್ನೊಬ್ಬ ಮನುಷ್ಯ ಬೇಕೇ ಬೇಕು. ತಿಂಗಳಿಗೆ ಎರಡು ಭಾನುವಾರವಾದರೂ ಗದಗಿನಲ್ಲೋ ಹುಬ್ಬಳ್ಳಿಯಲ್ಲೋ ಒಂದು ಕ್ಲಾಸಿಗೆ ಹೋಗಿ ಬನ್ನಿ. ತಪ್ಪನ್ನು ನೋಡಿ ಹೇಳುವವರೂ ಅಲ್ಲಿ ಸಿಗುತ್ತಾರೆ.

ಇನ್ನು ತಮ್ಮ. 12 ವರ್ಷದ ಕೈಯಲ್ಲಿ ಎಲುಬಿನ ತುದಿಗಳು ಇನ್ನೂ ಬೆಳೆಯುತ್ತಿರುತ್ತವೆ. ಆ ಬೆಳೆಯುವ ಜಾಗಕ್ಕೆ ಪೆಟ್ಟಾದರೆ ಬೆರಳು ಗಿಡ್ಡವೋ ಸೊಟ್ಟವೋ ಆಗಬಹುದು. ಅವನಿಗೆ ಗೋಡೆ, ಟೈರು, ಮುಷ್ಟಿ ಮೇಲಿನ ದಂಡ ಯಾವುದೂ ಬೇಡ. ಬೇಡ ಅಂದರೆ ಕೇಳುವ ವಯಸ್ಸಲ್ಲ, ಅದೂ ಗೊತ್ತು. ಹಾಗಾಗಿ ಅವನಿಗೆ ಕಾಗದದ ಕೆಲಸ ಕೊಡಿ. ಹಾಳೆ ಸಿಕ್ಕಿಸುವುದು ಅವನು, ಮೂರು ನಿಮಿಷ ಎಣಿಸುವುದು ಅವನು, ಛಟ್ ಅಂತೋ ಇಲ್ಲವೋ ತೀರ್ಪು ಹೇಳುವುದೂ ಅವನೇ. ಆಮೇಲೆ ಅವನ ಸರದಿ. ಸಣ್ಣವರಲ್ಲಿ ಭುಜದ ಬಿಗಿತ ಕಡಿಮೆ, ನಿಮಗಿಂತ ಮೊದಲು ಅವನ ಹಾಳೆ ಹರಿದರೆ ಸಿಟ್ಟಾಗಬೇಡಿ.